ಎರಡು ಗಂಟಿನ ಹುರಿ

“ಬಿಡಬ್ಯಾಡ ಬೇ ಯವ್ವಾ! ಮುಂದ ಜಾರಾಕತ್ತೈತಿ, ಬಿಡಬ್ಯಾಡ!”

ಭಾಗ್ಯಾ ಕೂಗುವ ಹೊತ್ತಿಗೆ ಗಾಲಿಕುರ್ಚಿಯ ಎಡಗಾಲಿ ಸಿಮೆಂಟಿನ ಇಳಿಜಾರಿನ ಬಿರುಕಿನೊಳಗೆ ಇಳಿದಾಗಿತ್ತು. ಮೈಲಾರವ್ವ ಹಿಂದಿನಿಂದ ಎರಡೂ ಹಿಡಿಕೆಗಳನ್ನು ಜಗ್ಗಿ, ಹಿಮ್ಮಡಿ ಊರಿ ನಿಂತಳು. ಕುರ್ಚಿ ಒಂದು ಬದಿಗೆ ವಾಲಿ ನಿಂತಿತು. ಮಗಳು ಬೀಳಲಿಲ್ಲ. ಆದರೆ ಅವಳ ತೊಡೆಯ ಮೇಲಿದ್ದ ಚೀಲ ಬಿತ್ತು. ಕತ್ತರಿ, ಅಳತೆ ಟೇಪು, ಊಟದ ಡಬ್ಬಿ ಇಳಿಜಾರಿನ ತುಂಬ ಚೆಲ್ಲಿದವು. ನೀರಿನ ಬಾಟಲಿಯೊಂದು ಉರುಳುತ್ತ ಹೋಗಿ ಅಂಗಳದ ಬೇವಿನ ಮರದ ಬುಡಕ್ಕೆ ತಗಲಿ ನಿಂತಿತು.

ಮೈಲಾರವ್ವ ಮಗಳನ್ನು ಹೇಗೋ ಕೆಳಗಿಳಿಸಿ, ಒಂದೊಂದೇ ಸಾಮಾನು ಆಯ್ದು ಚೀಲಕ್ಕೆ ಹಾಕಿದಳು. ಬಾಟಲಿ ಎತ್ತಿಕೊಂಡಾಗ ಅವಳ ಕೈ ನಿಂತಿತು. ಬಾಟಲಿ ಭಾರವಾಗಿತ್ತು. ಮುಂಜಾನೆ ಕಂಠದವರೆಗೆ ತುಂಬಿಸಿ ಕೊಟ್ಟ ನೀರು ಕಂಠದವರೆಗೇ ಇತ್ತು.

“ಯಾಕ, ಒಂದ್ ಗುಟುಕೂ ಕುಡದಿಲ್ಲಲಾ?”

“ನೀರಡಿಕಿ ಆಗಲಿಲ್ಲ.”

“ಈ ಬಿಸಿಲಾಗ? ಯಾರ ಮುಂದ ಹೇಳ್ತಿ ಇದನ್ನ?”

ಭಾಗ್ಯಾ ಹೊಲಿಗೆಯ ಬಟ್ಟೆಯ ಒಂದು ತುಂಡನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. ಕಟ್ಟಡದ ಹಿಂದಿನ ಸಂದಿಯ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದಳು. ಮೈಲಾರವ್ವನೂ ಆ ಕಡೆ ನೋಡಿದಳು. ಅಲ್ಲಿದ್ದದ್ದು ಪಾಯಖಾನೆ.

ಮೊರಬದ ರಸ್ತೆಗೆ ಹತ್ತಿಕೊಂಡಂತಿರುವ ಆ ಊರಿನಲ್ಲಿ ಇದನ್ನು ಎಲ್ಲರೂ ‘ಟ್ರೇನಿಂಗ್ ಸಾಲಿ’ ಎನ್ನುತ್ತಾರೆ. ಸರ್ಕಾರದ ಕಟ್ಟಡ, ಎರಡೇ ಕೋಣೆ. ಒಂದರಲ್ಲಿ ಹೊಲಿಗೆ ಕಲಿಸುತ್ತಾರೆ. ಇನ್ನೊಂದರಲ್ಲಿ ಕಿವಿ ಕೇಳದ, ಬುದ್ಧಿ ನಿಧಾನವಾದ ಮಕ್ಕಳಿಗೆ ವಾರಕ್ಕೆ ಮೂರು ದಿನ ಪಾಠ. ಭಾಗ್ಯಾಳಿಗೆ ಹತ್ತೊಂಬತ್ತು ವರ್ಷ. ಹುಟ್ಟಿನಿಂದಲೂ ಕಾಲಲ್ಲಿ ಶಕ್ತಿಯಿಲ್ಲ, ಕೈಯಲ್ಲಿ ಮಾತ್ರ ಬೇಕಾದಷ್ಟಿದೆ. ಸೇರಿದ ಎರಡೇ ತಿಂಗಳಲ್ಲಿ ಅಂಗಿಯ ಕಾಲರ್ ಕತ್ತರಿಸಲು ಕಲಿತಿದ್ದಳು. ಅದು ಎಲ್ಲರಿಗೂ ಒಲಿಯುವ ಕೆಲಸವಲ್ಲ ಎಂದು ಮೇಡಮ್ಮೇ ಹೇಳಿದ್ದರು.

“ಬಾಗಲದಾಗ ಕುರ್ಚಿ ಹೋಗಂಗಿಲ್ಲ ಬೇ,” ಎಂದಳು ಭಾಗ್ಯಾ ಕೊನೆಗೆ. “ಒಮ್ಮಿ ಕುರ್ಚಿ ಹೊರಗ ಬಿಟ್ಟು ತೆವಳಿಕೋತ ಹೋಗಿದ್ದೆ. ಒಳಗೆಲ್ಲಾ ಹಸಿ. ಲಂಗಾ ಎಲ್ಲಾ ಹೊಲಸಾತು. ಅವತ್ತಿನಿಂದ ಸಾಲಿಗೆ ಬಂದ ದಿನ ನೀರು ಕುಡಿಯಂಗಿಲ್ಲ.”

ಮೈಲಾರವ್ವನಿಗೆ ಕಳೆದ ತಿಂಗಳ ಜ್ವರ ನೆನಪಾಯಿತು. ನವಲಗುಂದದ ಡಾಕ್ಟರು ಮೂತ್ರದ ಸೋಂಕು ಎಂದಿದ್ದರು. ‘ನೀರು ಸರಿಯಾಗಿ ಕುಡಿತೀಯೇನವ್ವಾ’ ಎಂದು ಕೇಳಿದ್ದರು. ಆಗ ತಾನು ಡಾಕ್ಟರ ಎದುರಿಗೇ ಮಗಳನ್ನು ಬೈದದ್ದೂ ನೆನಪಾಯಿತು. ‘ಹೇಳಿದ ಮಾತು ಕೇಳಂಗಿಲ್ರಿ ಇದು’ ಎಂದಿದ್ದಳು.

“ನಾಳಿಂದ ಬರೂದ ಬ್ಯಾಡ,” ಎಂದಳು ಮೈಲಾರವ್ವ. “ಸಾಕು ಈ ಸಾಲಿ.”

“ಬೇ, ಮುಂದಿನ ವಾರ ಜಂಪರ್ ಕಟಿಂಗ್ ಐತಿ.”

“ಇರಲಿ. ಕಟಿಂಗ್ ಇಲ್ಲದ ನಾ ಬದುಕಿಲ್ಲೇನ?”

ರಸ್ತೆಯ ಕಡೆಯಿಂದ ಮೂರು ಗಾಲಿಯ ಸ್ಕೂಟರೊಂದು ಬಂದು ಗೇಟಿನ ಬಳಿ ನಿಂತಿತು. ಅದರ ಮೇಲೆ ಕೂತವಳು ಮುಮತಾಜ್. ಅಂಗವಿಕಲರ ಕೆಲಸ ನೋಡಿಕೊಳ್ಳಲೆಂದು ಪಂಚಾಯ್ತಿಯಲ್ಲಿ ಇರುವ ಪುನರ್ವಸತಿ ಕಾರ್ಯಕರ್ತೆ. ಅವಳ ಒಂದು ಕಾಲೂ ಸಣ್ಣದು. ಪಿಂಚಣಿ, ಪಾಸು, ಪ್ರಮಾಣಪತ್ರ ಎಂದು ಊರ ಓಣಿಗಳನ್ನೆಲ್ಲ ಸುತ್ತುವ ಅವಳಿಗೆ ತಾಯಿ ಮಗಳ ಮುಖ ನೋಡಿದ ಕೂಡಲೇ ಅರ್ಧ ವಿಷಯ ತಿಳಿಯಿತು. ಉಳಿದರ್ಧ ಬಾಟಲಿಯಿಂದ ತಿಳಿಯಿತು.

“ಅಕ್ಕಾ, ಮಗಳನ್ನ ಮನಿಯಾಗ ಕುಂದ್ರಿಸಿದ್ರ ಈ ಬಾಗಲಾ ದೊಡ್ಡದಾಗತೈತೇನು?” ಎಂದು ಕೇಳಿದಳು.

“ನಾ ಮಾತಾಡಿದ್ರ ದೊಡ್ಡದಾಗತೈತೇನವ್ವಾ? ಸರ್ಕಾರದ ಕಟ್ಟಡ. ಸರ್ಕಾರ ನೋಡ್ಕೊಳ್ಳಲಿ.”

“ಸರ್ಕಾರ ಅಂದ್ರ ಯಾರು? ಧಾರವಾಡದ ಆಫೀಸಿನ್ಯಾಗ ಕುಂತವರಿಗೆ ನಿನ್ನ ಮಗಳ ಕುರ್ಚಿ ಎಷ್ಟು ಅಗಲ ಐತಿ ಅಂತ ಕನಸು ಬೀಳತೈತೇನು? ಇಲ್ಲಿಂದ ಬರದು ಕಳಿಸಿದ್ದಕ್ಕ ರೊಕ್ಕ ಬರತೈತಿ. ಬಾಗಲಾ ಅಂತ ಬರದ್ರ ಬಾಗಲಕ್ಕ ಬರತೈತಿ. ಬಣ್ಣ ಅಂತ ಬರದ್ರ ಬಣ್ಣಕ್ಕ. ಮೂರು ವರ್ಷದಿಂದ ಇಲ್ಲಿ ಏನ್ ಬರ್ಯಾಕತ್ತಾರ, ಗ್ವಾಡಿ ನೋಡು.”

ಗೋಡೆ ಹೊಸ ಹಳದಿ ಬಣ್ಣದಲ್ಲಿ ಮಿಂಚುತ್ತಿತ್ತು.

“ಗುರುವಾರ ಗ್ರಾಮಸಭೆ ಐತಿ,” ಎಂದಳು ಮುಮತಾಜ್. “ಇಲ್ಲೇ, ಈ ಬೇವಿನ ಗಿಡದ ಕೆಳಗ. ಈ ವರ್ಷದ ಕೆಲಸದ ಪಟ್ಟಿ ಅವತ್ತ ಮಾಡ್ತಾರ. ಪಂಚಾಯ್ತಿಯ ಸ್ವಂತ ವರಮಾನದಾಗ ನೂರಕ್ಕ ಐದು ರೂಪಾಯಿ ನಮ್ಮಂಥವರ ಸಲುವಾಗಿ ತಗದಿಡಬೇಕು ಅಂತ ನಿಯಮ ಐತಿ. ಯಾರೂ ಕೇಳದಿದ್ರ ವರ್ಷದ ಕಡೀಕ ನಾಕು ಕುರ್ಚಿ ತಂದು, ಹಂಚಿ, ಫೋಟೋ ತಗಸ್ತಾರ. ದೊಡ್ಡ ರಿಪೇರಿ ಇದ್ರ ಅಂದಾಜು ಪಟ್ಟಿ ಮಾಡಿ ಇಲಾಖೆಗೆ ಕಳಿಸಬೇಕು. ಎರಡಕ್ಕೂ ಮೊದಲು ಸಭಾದಾಗ ಒಬ್ಬರು ಬಾಯಿ ಬಿಡಬೇಕು.”

“ನನ್ನ ಬಾಯಾಗ ಮಾತು ಬರೂದಿಲ್ಲ ಮುಮತಾಜ. ಈ ಸಾಲಿ ಕಮಿಟಿ ಸಾವಕಾರ್ರ ಮುಂದ ಅಂತೂ ಮೊದ್ಲ ಬರೂದಿಲ್ಲ.”

“ಮಾತು ಬ್ಯಾಡ. ಅಳತಿ ತಗೊಂಡ್ ಬಾ.”

ಆ ರಾತ್ರಿ ಅಡುಗೆಗೆ ಕೂತಾಗ ಗಂಡ ಮಾಳಪ್ಪನ ಫೋನು ಬಂತು. ಅವನು ಕುರಿಗಳನ್ನು ಹೊಡೆದುಕೊಂಡು ಮಿಶ್ರಿಕೋಟಿಯ ಕಡೆ ಹೋಗಿದ್ದ. ಅಲ್ಲಿ ಯಾರದೋ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿದ್ದ. ಎಲ್ಲವನ್ನೂ ಕೇಳಿ, “ಸಭಾಗೆ ಹೋಗಿ ಏನ್ ಮಾಡ್ತಿ? ಕೂಲಿ ತಪ್ಪತೈತಿ ಅಷ್ಟ,” ಎಂದ. ಫೋನು ಹಿಡಿದೇ ಕುರಿಗಳನ್ನು ಒಮ್ಮೆ ಗದರಿಸಿದ. “ನೀರಾ ಕುಡಿಯಂಗಿಲ್ಲಂತೇನು ಅದು?” ಎಂದು ಮತ್ತೆ ಕೇಳಿದ. ಹೌದು ಎಂದಳು. “ಹಂಗಾದ್ರ ಹೋಗು,” ಎಂದು ಫೋನಿಟ್ಟ.

ಮರುದಿನ ಮೂವರೂ ಸೇರಿ ಅಳತೆಗೆ ನಿಂತರು. ಭಾಗ್ಯಾ ತನ್ನ ಹೊಲಿಗೆಯ ಟೇಪು ಹಿಡಿದು ಓದಿದಳು, ಮುಮತಾಜ್ ಬರೆದುಕೊಂಡಳು. ಕುರ್ಚಿಯ ಅಗಲ ಇಪ್ಪತ್ತಾರು ಇಂಚು. ಪಾಯಖಾನೆಯ ಬಾಗಿಲು ಇಪ್ಪತ್ಮೂರು.

“ನನಗ ಈ ಅಂಕಿ ಗಿಂಕಿ ತಿಳ್ಯಾಂಗಿಲ್ಲ,” ಎಂದ ಮೈಲಾರವ್ವ ಸೊಂಟದಿಂದ ಉಣ್ಣೆಯ ಹುರಿ ತೆಗೆದಳು. ತಾನೇ ನೂತು ಹೊಸೆದ ಕರಿಯ ಹುರಿ. ಅದರ ತುದಿಯನ್ನು ಕುರ್ಚಿಯ ಒಂದು ಗಾಲಿಗೆ ಹಿಡಿದು, ಇನ್ನೊಂದು ಗಾಲಿಯ ಹೊರಮೈಗೆ ಎಳೆದು ಅಲ್ಲೊಂದು ಗಂಟು ಹಾಕಿದಳು. ಅದೇ ತುದಿಯನ್ನು ಬಾಗಿಲ ಚೌಕಟ್ಟಿಗೆ ಹಿಡಿದು ಇನ್ನೊಂದು ಗಂಟು ಹಾಕಿದಳು. ಎರಡು ಗಂಟುಗಳ ನಡುವೆ ನಾಲ್ಕು ಬೆರಳಿನ ಅಂತರವೂ ಇರಲಿಲ್ಲ. ಅಷ್ಟಕ್ಕಾಗಿ ತನ್ನ ಮಗಳು ಬಾಯಾರಿ ಕೂಡುತ್ತಿದ್ದಳು. ಮೈಲಾರವ್ವ ಆ ಜಾಗವನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು.

“ಬಾಗಲಾ ಮೂರು ಅಡಿ ಇರಬೇಕು,” ಎಂದಳು ಮುಮತಾಜ್. “ಒಳಗ ಕುರ್ಚಿ ತಿರುಗುವಷ್ಟು ಜಾಗಾ, ಬಾಜೂಕ ಹಿಡಕೊಳ್ಳಾಕ ಕಬ್ಬಿಣದ ಕೋಲು. ಇನ್ನ ಈ ಇಳಿಜಾರು. ಕಟ್ಟಿ ಎರಡು ಅಡಿ ಎತ್ತರ ಐತಿ. ಒಂದು ಅಡಿ ಎತ್ತರಕ್ಕ ಹನ್ನೆರಡು ಅಡಿ ಉದ್ದ ಇರಬೇಕು. ಅಂದ್ರ ಇಪ್ಪತ್ನಾಕು. ಇದು ಏಳು ಅಡೀನೂ ಇಲ್ಲ.”

“ಇಳಿಜಾರಲ್ಲ ಇದು, ಜಾರಬಂಡಿ,” ಎಂದಳು ಭಾಗ್ಯಾ. ಎರಡು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಹಾದಿಯಲ್ಲಿ ಹೊರಟಿದ್ದ ಬುಡನಸಾಬ ಅವರ ಮಾತು ಕೇಳಿ ನಿಂತ. ಊರಿನ ಮನೆಗಳನ್ನು ಕಟ್ಟಿದ ಹಳೆಯ ಗೌಂಡಿ. ಕೈಯಲ್ಲಿ ಕರಣಿ ಇತ್ತು.

“ಕಟ್ಟಿದಾವ ನಾನ,” ಎಂದ. “ಬೈಯೂದಿದ್ರ ಇಲ್ಲೇ ಬೈದಬಿಡ್ರಿ, ಬೆನ್ನ ಹಿಂದ ಬ್ಯಾಡ.”

“ಚಾಚಾ, ನೀವು ಕಟ್ಟಿದ ಮನಿ ಒಂದೂ ಸೀಳಿಲ್ಲ. ಇದ್ಯಾಕ ಹಿಂಗಾತು?” ಎಂದು ಮುಮತಾಜ್ ಕೇಳಿದಳು.

“ಎರಿ ನೆಲಾ ಐತವ್ವಾ. ಬ್ಯಾಸಿಗ್ಯಾಗ ಸೀಳತೈತಿ, ಮಳಿಗಾಲದಾಗ ಉಬ್ಬತೈತಿ. ಮ್ಯಾಲಿಂದ ಎರಿ ಮಣ್ಣು ತಗದು, ಗರಸು ತುಂಬಿ, ನೀರು ಹಾಕಿ ಬಡದು, ಅದರ ಮ್ಯಾಲ ಕಟ್ಟಬೇಕು. ನನಗ ಗೊತ್ತಿರಲಿಲ್ಲೇನು? ರೊಕ್ಕ ಬಂದದ್ದ ಮಾರ್ಚ್ ಕಡೀ ವಾರ. ‘ನಾಕು ದಿನದಾಗ ಮುಗಸು, ಇಲ್ಲಂದ್ರ ರೊಕ್ಕ ವಾಪಸ್ ಹೋಗತೈತಿ’ ಅಂದ್ರು. ಅಂದಾಜಿನ್ಯಾಗ ಗರಸಂತ ಬರದೂ ಇರಲಿಲ್ಲ. ಸೀಳಿದ ನೆಲದ ಮ್ಯಾಲ ಹಂಗ ಕಟ್ಟಿದ್ನಿ. ಮೊದಲ ಮಳಿಗೆ ಎದ್ದು ಕುಂತಿತು.” ಅವನು ಕರಣಿಯ ತುದಿಯಿಂದ ಬಿರುಕನ್ನು ಕೆದಕಿದ. “ನಾ ಇದರ ಮುಂದ ಹಾಯ್ದು ಹೋಗುವಾಗ ಆ ಕಡೆ ಮಾರಿ ಮಾಡ್ಕೊಂಡು ಹೋಗ್ತೀನಿ.”

ಗರಸು ಎಂಬ ಮಾತು ಮೈಲಾರವ್ವನ ತಲೆಯಲ್ಲಿ ಉಳಿಯಿತು. ಕಲ್ಲು ಬೆರೆತ ಆ ಗಟ್ಟಿ ಮಣ್ಣಿನ ಭಾರ ಅವಳಿಗೆ ಗೊತ್ತಿತ್ತು.

ಗುರುವಾರ ಬೇವಿನ ಮರದ ಕೆಳಗೆ ನೂರಕ್ಕೂ ಹೆಚ್ಚು ಜನ ಸೇರಿದರು. ಭಾಗ್ಯಾಳ ಕುರ್ಚಿ ತಾಯಿಯ ಪಕ್ಕದಲ್ಲೇ ಇತ್ತು. ತಾಲೂಕಿನಿಂದ ನೇತ್ರಾ ಎಂಬ ಎಂಜಿನಿಯರು ಬಂದಿದ್ದಳು, ಭಾಗ್ಯಾಳಿಗಿಂತ ಐದಾರು ವರ್ಷ ದೊಡ್ಡವಳಿರಬಹುದು. ತರಬೇತಿ ಕೇಂದ್ರದ ಸಮಿತಿಗೆ ಅಧ್ಯಕ್ಷರಾದ ಕಾಶಿನಾಥ ಸಾವಕಾರ್ರು ಎದ್ದು ನಿಂತು ಪಟ್ಟಿ ಓದಿದರು. ಮುಂದೆ ದೊಡ್ಡ ಕಮಾನು. ಅದರ ಮೇಲೆ ತೀರಿಕೊಂಡ ತಮ್ಮ ತಂದೆಯವರ ಹೆಸರು. ಕಂಪೌಂಡಿಗೆ ಬಣ್ಣ. ಅಂಗಳಕ್ಕೆ ನುಣುಪಾದ ಹಾಸುಗಲ್ಲು. ಕಮಾನಿಗೆ ಅರ್ಧ ಖರ್ಚು ತಮ್ಮದು, ಉಳಿದದ್ದು ಪಂಚಾಯ್ತಿಯದು ಎಂದರು.

ಅವರು ಕೆಟ್ಟ ಮನುಷ್ಯರಲ್ಲ. ಈ ಕೇಂದ್ರ ಊರಿಗೆ ಬರಲು ಎಂಟು ಸಲ ಧಾರವಾಡಕ್ಕೆ ಓಡಾಡಿದವರು ಅವರೇ. ಭಾಗ್ಯಾಳ ಗಾಲಿಕುರ್ಚಿಯನ್ನು ಸ್ವಾತಂತ್ರ್ಯ ದಿನದಂದು ಕೊಡಿಸಿದವರೂ ಅವರೇ. ಆ ಕುರ್ಚಿ ಯಾವ ಬಾಗಿಲಿನಲ್ಲಿ ಹೋಗುತ್ತದೆ, ಯಾವುದರಲ್ಲಿ ಹೋಗುವುದಿಲ್ಲ ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ಮುಮತಾಜ್ ಮೊಣಕೈಯಿಂದ ತಿವಿದಳು. ಮೈಲಾರವ್ವ ಎದ್ದಳು. ಹೇಳಬೇಕೆಂದುಕೊಂಡ ಮೊದಲ ಮಾತೇ ಮರೆತುಹೋಯಿತು. ಸೊಂಟದಿಂದ ಹುರಿ ತೆಗೆದು ಎತ್ತಿ ಹಿಡಿದಳು.

“ಏ ಮೈಲಾರವ್ವ, ಸಭಾಕ್ಕ ಕುರಿ ಕಟ್ಟಾಕ ಬಂದಿಯೇನ್ ಬೇ?” ಎಂದು ಹಿಂದಿನಿಂದ ಯಾರೋ ಕೂಗಿದರು. ಜನ ನಕ್ಕರು.

ಆ ನಗೆಯೇ ಅವಳಿಗೆ ಬಾಯಿ ಕೊಟ್ಟಿತು.

“ಕುರಿ ಕಟ್ಟಾಕ ನನಗ ಬರತೈತಿ. ಬಾಗಲಾ ಇಡೂ ಮುಂದ ಅದರಾಗ ಯಾರು ಹೋಗ್ತಾರ ಅಂತ ನೋಡಾಕ ನಿಮಗ ಬರಲಿಲ್ಲ. ಈ ಗಂಟು ನನ್ನ ಮಗಳ ಕುರ್ಚಿ. ಈ ಗಂಟು ನಿಮ್ಮ ಪಾಯಖಾನಿ ಬಾಗಲಾ. ಇದರ ನಡುವಿನ ಇಷ್ಟು ಜಾಗಾದ ಸಲುವಾಗಿ ಅಕಿ ಮುಂಜಾನಿಂದ ಸಂಜಿತನ ನೀರು ಕುಡಿಯಂಗಿಲ್ಲ. ಜ್ವರಾ ಬಂದು ಮಲಗಿದ್ಲು. ಐಶ್ವರ್ಯ ಅಂತ ಇನ್ನೊಂದು ಹುಡುಗಿ, ಕೋಲು ಊರಿ ನಡಿಯಾಕಿ, ಹೋದ ವರ್ಷ ಸಾಲಿ ಯಾಕ ಬಿಟ್ಲು ಕೇಳ್ರಿ. ಇದ ಇಳಿಜಾರಿನ್ಯಾಗ ಬಿದ್ದು ಬಿಟ್ಲು.”

ಯಾರೂ ನಗಲಿಲ್ಲ. ಮೈಲಾರವ್ವ ಕಾಶಿನಾಥರ ಕಡೆ ತಿರುಗಿದಳು. ಈಗ ನಿಲ್ಲಿಸುವುದು ಅವಳ ಕೈಯಲ್ಲಿರಲಿಲ್ಲ.

“ಸಾವಕಾರ್ರ, ನಿಮ್ಮ ಹೊಸ ಮನಿ ಪಡಸಾಲಿಗೆ ಆರು ದಿನ ಗರಸು ಹೊತ್ತಾಕಿ ನಾನ್ರಿ. ‘ಇನ್ನೊಂದು ಬುಟ್ಟಿ ಹಾಕವ್ವಾ, ನೆಲಾ ಉಬ್ಬಬಾರದು’ ಅಂತ ನೀವ ನಿಂತು ಹಾಕಿಸಿದ್ರಿ. ಆ ನೆಲಾ ಇವತ್ತಿಗೂ ಕೂದಲೆಳಿ ಸೀಳಿಲ್ಲ. ಈ ಊರಾಗ ಗರಸಿಲ್ದ ಯಾರರ ಮನಿ ಕಟ್ಯಾರೇನ್ರಿ? ಸಾಲಿಗೆ ಒಂದ ಯಾಕ ಬ್ಯಾಡಾತು?”

ಬುಡನಸಾಬ ಹಿಂದಿನಿಂದ ಎದ್ದ. ಮಾರ್ಚ್ ಕೊನೆಯ ಆ ನಾಲ್ಕು ದಿನಗಳ ಕಥೆಯನ್ನು ಎಲ್ಲರೆದುರು ಹೇಳಿದ. ತನ್ನ ತಪ್ಪನ್ನೂ ಹೇಳಿಕೊಂಡ.

ನೇತ್ರಾ ತಾನು ಕೂತ ಕುರ್ಚಿ ಬಿಟ್ಟು ಎದ್ದು ಹೋಗಿ ಇಳಿಜಾರು ನೋಡಿ ಬಂದಳು, ಹಿಂದಿನ ಸಂದಿಯನ್ನೂ ನೋಡಿ ಬಂದಳು. ಮುಮತಾಜ್ ಕೊಟ್ಟ ಚೀಟಿಯ ಅಳತೆಗಳನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಂಡಳು.

“ಎಲ್ಲಾ ಒಂದ ವರ್ಷದಾಗ ಆಗೂದಿಲ್ಲ, ಸುಳ್ಳು ಹೇಳೂದಿಲ್ಲ,” ಎಂದಳು. “ಪಂಚಾಯ್ತಿಯ ರೊಕ್ಕದಾಗ ಈ ವರ್ಷ ಪಾಯಖಾನಿ, ಇಳಿಜಾರು ಎರಡೂ ಆಗತಾವ. ಗರಸು, ನೀರು ಹೋಗಾಕ ಗಟಾರ, ಎಲ್ಲಾ ಅಂದಾಜಿನ್ಯಾಗ ಈಗ ಬರೀಬೇಕು. ಆಮ್ಯಾಲ ಸೇರಿಸಾಕ ಬರೂದಿಲ್ಲ. ಮಕ್ಕಳ ಕೋಣಿ ಸೋರಾಕತ್ತೈತಿ, ಅದಕ್ಕ ಬ್ಯಾರೆ ಅಂದಾಜು ಮಾಡಿ ಇಲಾಖೆಗೆ ಕಳಸೂಣು. ಅದಕ್ಕ ವರ್ಷ ಹಿಡಿದೀತು, ಎರಡು ಹಿಡಿದೀತು. ಬೆನ್ನು ಹತ್ತಬೇಕು. ಬಣ್ಣ ಎಲ್ಲಾದಕ್ಕೂ ಕಡೀಕ. ಆದರ ಈ ವರ್ಷ ಕಮಾನು, ಹಾಸುಗಲ್ಲಿಗೆ ರೊಕ್ಕ ಉಳಿಯಂಗಿಲ್ಲ.”

ಕಾಶಿನಾಥರು ತಮ್ಮ ಕೈಯಲ್ಲಿದ್ದ ಪಟ್ಟಿಯನ್ನು ಮಡಚಿದರು. ಮತ್ತೆ ಬಿಚ್ಚಿದರು. ತಂದೆಯ ಹೆಸರನ್ನು ಹೇಗೆ ಬರೆಸಬೇಕೆಂದು ಅವರು ಪೇಂಟರಿಗೂ ಹೇಳಿಯಾಗಿತ್ತು.

“ಮೈಲಾರವ್ವ ಹೇಳಿದ್ದು ಖರೇ ಐತಿ,” ಎಂದರು ನಿಧಾನವಾಗಿ. “ನನಗ ಇದು ಗೊತ್ತಿರಲಿಲ್ಲ. ಮನಸಿಗೆ ಅಗದಿ ಕೆಟ್ಟ ಅನಿಸ್ತು. ಆದ್ರ ಒಂದ್ ಮಾತು. ಪಾಯಖಾನಿ ಆಗಾಕ ಇನ್ನೂ ಏಳೆಂಟು ತಿಂಗಳು ಬೇಕು. ಅಲ್ಲೀತನ ಈ ಹುಡುಗಿ ಯಾಕ ತ್ರಾಸ ಪಡಬೇಕು? ನಾಳೆ ಮುಂಜಾನಿ ಹೊಸ ಹೊಲಿಗಿ ಮಷೀನ್ ಅಕಿ ಮನೀಗೆ ಕಳಸ್ತೀನಿ, ಮೋಟರ್ ಇದ್ದದ್ದು. ಮನಿಯಾಗ ಕುಂತು ಹೊಲೀಲಿ, ಊರಾನ ಹೆಣ್ಮಕ್ಕಳ ಜಂಪರ್ ಎಲ್ಲಾ ಅಕೀಗೇ ಕೊಡೂಣು. ಹಂಗಾದ್ರ ಪಾಯಖಾನಿ ಕೆಲಸ ಮುಂದಿನ ವರ್ಷಕ್ಕ ಹಾಕಿದ್ರೂ ನಡೀತೈತಿ. ಈ ವರ್ಷ ಕಮಾನು ಆಗಿಬಿಡಲಿ. ಏನಂತೀರಿ?”

ಮೊದಲು ಒಂದು ಚಪ್ಪಾಳೆ, ಆಮೇಲೆ ಹತ್ತು, ಆಮೇಲೆ ಎಲ್ಲರದೂ. ಒಬ್ಬ ಮುದುಕಿ ಮೈಲಾರವ್ವನ ಕೈ ಹಿಡಿದು, “ನಿನ್ನ ನಸೀಬ ತೆರೀತು ನೋಡವಾ,” ಎಂದಳು.

ಮೈಲಾರವ್ವ ಮಗಳ ಕಡೆ ನೋಡಿದಳು. ಮಷೀನು! ಕೂಲಿಯಿಂದ ಕೂಲಿಗೆ ಕೂಡಿಟ್ಟರೂ ಅದು ಮನೆಗೆ ಬರುತ್ತಿರಲಿಲ್ಲ. ಕಾಶಿನಾಥರ ಮನೆಯವರು ಕೊಟ್ಟದ್ದಕ್ಕೆ ಅವಳು ಈವರೆಗೆ ‘ಹೂಂ’ ಎಂದವಳೇ. ಈಗಲೂ ನಾಲಿಗೆಯ ತುದಿಗೆ ಆ ‘ಹೂಂ’ ಬಂದು ಕೂತಿತ್ತು. ಆದರೆ ಜಂಪರ್ ಕಟಿಂಗ್ ಮನೆಯಲ್ಲಿ ಯಾರು ಕಲಿಸುತ್ತಾರೆ? ಕೋಲೂರಿ ನಡೆಯುವ ಐಶ್ವರ್ಯಳ ಮನೆಗೂ ಒಂದು ಮಷೀನು ಹೋಗುತ್ತದೆಯೆ? ಬಾಜು ಕೋಣೆಯ ಮಕ್ಕಳು ಯಾವ ಪಾಯಖಾನೆಗೆ ಹೋಗುತ್ತಾರೆ? ಮುಂದಿನ ವರ್ಷವೂ ಹಣ ಮಾರ್ಚ್ ಕೊನೆಯ ವಾರವೇ ಬಂದು, ಕೆಲಸ ಮತ್ತೆ ನಾಲ್ಕೇ ದಿನದ್ದಾಗುವುದಿಲ್ಲವೆ? ಬೆರಳು ತಾನಾಗಿಯೇ ಹುರಿಯ ಮೇಲೆ ಓಡಿ ಎರಡು ಗಂಟುಗಳ ನಡುವೆ ನಿಂತಿತು.

“ಏನವ್ವಾ, ಕಳಸ್ಲೇನು?” ಎಂದು ಕಾಶಿನಾಥರು ಕೇಳಿದರು.

“ನನ್ನ ಯಾಕ ಕೇಳ್ತೀರಿ ಸಾವಕಾರ್ರ,” ಎಂದಳು ಮೈಲಾರವ್ವ. “ಅಕೀನ್ನ ಕೇಳ್ರಿ.”

ಇಷ್ಟು ಹೊತ್ತು ಎಲ್ಲರೂ ಭಾಗ್ಯಾಳ ಬಗ್ಗೆಯೇ ಮಾತಾಡಿದ್ದರು. ಅವಳೊಂದಿಗೆ ಯಾರೂ ಮಾತಾಡಿರಲಿಲ್ಲ. ಕಾಶಿನಾಥರು ಅವಳ ಕಡೆ ತಿರುಗಿದರು. “ಏನ್ ತಂಗಿ? ನಾಳೆ ಮಷೀನ್ ಕಳಸ್ಲೇನು?”

ಅವಳು ಉತ್ತರ ಕೊಡುವ ಮೊದಲು, ಸಂಘದ ಸಭೆಯಲ್ಲಿ ಕೂತು ಈ ಕಥೆ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೊಂದಿಗೆ ಎರಡು ಮಾತು. ನಿಮ್ಮೂರಿನ ತರಬೇತಿ ಕೇಂದ್ರವನ್ನು, ವಿಶೇಷ ಮಕ್ಕಳ ಕೋಣೆಯನ್ನು ಈ ವಾರ ಒಮ್ಮೆ ಹೋಗಿ ನೋಡಿ. ಅಲ್ಲಿ ಕಲಿಯುವವರನ್ನೇ ಜೊತೆಗೆ ಕರೆದುಕೊಂಡು ಹೋಗಿ, ಎಲ್ಲಿ ತೊಂದರೆಯಾಗುತ್ತದೆ ಎಂದು ಅವರನ್ನೇ ಕೇಳಿ. ಟೇಪಿಲ್ಲದಿದ್ದರೆ ಒಂದು ಹುರಿ ಸಾಕು. ಗ್ರಾಮಸಭೆಯ ದಿನ ಕೆಲಸಕ್ಕೆ ಹೋಗಬೇಡಿ, ಸಭೆಗೆ ಹೋಗಿ. ಅಂಗವಿಕಲರ ಪಾಲಿನ ನೂರಕ್ಕೆ ಐದು ಎಲ್ಲಿ ಖರ್ಚಾಯಿತು ಎಂದು ಕೇಳಿ. ನೀವು ಹೇಳಿದ್ದು ಠರಾವು ಪುಸ್ತಕದಲ್ಲಿ ಬರೆಯಲ್ಪಟ್ಟಿದೆಯೇ ಎಂದು ಓದಿಸಿಕೊಂಡ ಮೇಲೆಯೇ ಸಹಿ ಮಾಡಿ, ಹೆಬ್ಬೆಟ್ಟು ಒತ್ತಿ. ನಿಮ್ಮ ಮನೆಗೆ ಗರಸು ಹಾಕಿಸುವಾಗ ಎಷ್ಟು ಹೊತ್ತು ಎದುರಿಗೆ ನಿಂತಿದ್ದಿರೋ ಅಷ್ಟೇ ಹೊತ್ತು ಅಲ್ಲಿಯೂ ನಿಲ್ಲಿ. ಯಾರಾದರೂ ದೊಡ್ಡ ಮನಸ್ಸಿನಿಂದ ಏನಾದರೂ ಕೊಡಲು ಬಂದರೆ, ಅದನ್ನು ತೆಗೆದುಕೊಂಡರೆ ಏನು ನಿಂತುಹೋಗುತ್ತದೆ ಎಂದೂ ಕೇಳಿ.

ಬೇವಿನ ಮರದ ಕೆಳಗೆ ಎಲ್ಲರೂ ಭಾಗ್ಯಾಳ ಕಡೆ ತಿರುಗಿದ್ದರು. ನೇತ್ರಾಳ ಪೆನ್ನು ಪುಸ್ತಕದ ಮೇಲೆ ಕಾಯುತ್ತಿತ್ತು. ಭಾಗ್ಯಾ ತೊಡೆಯ ಮೇಲಿದ್ದ ತುಂಬಿದ ಬಾಟಲಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ಕಾಶಿನಾಥರ ಮುಖವನ್ನು ನೇರವಾಗಿ ನೋಡಿದಳು.

“ಒಲ್ಲೆ ಕಾಕಾ,” ಎಂದಳು.